ಸುಣ್ಣದ ಗುಂಡಿಯ ಏಳು ನಿಮಿಷ

ಪ್ರಾಗ್, 9 ಜನವರಿ 1990

ದ್ರಾಹಾ,

ಹತ್ತೊಂಬತ್ತು ವರ್ಷಗಳ ನಂತರ ನನ್ನ ಕೈಬರಹ ನೋಡಿದ ಕೂಡಲೇ ಲಕೋಟೆಯನ್ನು ಒಲೆಗೆ ಹಾಕಬೇಡ. ಮೊದಲು ಓದು, ಆಮೇಲೆ ನಿನ್ನಿಷ್ಟ.

ಸ್ಟುಡಿಯೋದವರು ನೆಲಮಾಳಿಗೆಯ ಬೀಗ ತೆಗೆದಿದ್ದಾರೆ. ನವೆಂಬರ್‌ವರೆಗೆ ನನ್ನನ್ನು ಕಂಡರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ ಮ್ಯಾನೇಜರು ಮೊನ್ನೆ ಬಾಗಿಲವರೆಗೂ ಬಂದು, "ಬನ್ನಿ ಗುರುಗಳೇ, ಬನ್ನಿ. ನಿಮ್ಮ ಸಿನಿಮಾ ನಿಮಗೋಸ್ಕರ ಕಾಯ್ತಾ ಕೂತಿದೆ" ಅಂದ. ನನ್ನ ಕೋಟನ್ನು ತಾನೇ ತೆಗೆದು ಗೂಟಕ್ಕೆ ಹಾಕಿದ. ಸರ್ಕಾರ ಬದಲಾದ ದಿನವೇ ಈ ಜನ ನಾಚಿಕೆಯನ್ನೂ ಬಿಟ್ಟಿರಬೇಕು.

'ಸುಣ್ಣದ ಗುಂಡಿ'ಯನ್ನು ಜುಲೈನ ಚಿತ್ರೋತ್ಸವದಲ್ಲಿ ತೋರಿಸುತ್ತಾರಂತೆ. ಇಪ್ಪತ್ತು ವರ್ಷ ಬೀಗದೊಳಗೆ ಬಿದ್ದಿದ್ದ ಚಿತ್ರ! ನಾನು ಡಬ್ಬಿಗಳನ್ನು ಒಂದೊಂದಾಗಿ ತೆಗೆಸಿ ನೋಡಿದೆ. ಹನ್ನೊಂದು ನಿಮಿಷ ಇಲ್ಲ. ಪ್ರಿಂಟಿನಲ್ಲೂ ಇಲ್ಲ, ನೆಗೆಟಿವ್‌ನಲ್ಲೂ ಇಲ್ಲ. 1970ರಲ್ಲಿ ಸೆನ್ಸಾರ್ ಸಮಿತಿಯವರು ಕತ್ತರಿಸಿ ಅಂದಾಗ ಕತ್ತರಿ ಹಿಡಿದವಳು ನೀನು. ನನ್ನ ಸಂಕಲನಕಾರ್ತಿ, ನನ್ನ ಹೆಂಡತಿ. ಅದಕ್ಕೇ ನಾನು ಮನೆ ಬಿಟ್ಟು ಹೋದದ್ದು.

ಈಗ ಜಗಳಕ್ಕೆ ಬಂದಿಲ್ಲ. ನನಗೆ ಅರವತ್ತು. ಎರಡು ಸಿನಿಮಾ ಮಾಡಿ ಹೊರದೇಶಗಳಲ್ಲಿ ಹೆಸರು ತಂದವನು, ಮೂರನೆಯದಾದ ಮೇಲೆ ಆಸ್ಪತ್ರೆಯ ಬಾಯ್ಲರಿಗೆ ಆರು ವರ್ಷ ಕಲ್ಲಿದ್ದಲು ಸುರಿದೆ. ಆಮೇಲೆ ದೊಡ್ಡ ಮನಸ್ಸು ಮಾಡಿ ಟಿ.ವಿ.ಯ ಕ್ರಿಸ್‌ಮಸ್ ಅಜ್ಜಿಕಥೆಗಳನ್ನು ಕೊಟ್ಟರು. ಒಂಬತ್ತು ರಾಜಕುಮಾರಿಯರು, ಮೂರು ಮಾತಾಡುವ ಕಪ್ಪೆಗಳು. ಟ್ರಾಮಿನಲ್ಲಿ ಹೆಂಗಸರು "ಅಯ್ಯೋ, ನೀವು ಆ ಕಪ್ಪೆ ಪಿಕ್ಚರ್‌ನವರಲ್ವಾ?" ಅಂತ ಕೈಕುಲುಕುತ್ತಾರೆ. ನನ್ನ ಗೋರಿಯ ಮೇಲೂ ಕಪ್ಪೆಯನ್ನೇ ಕೆತ್ತುತ್ತಾರೆ ಅನ್ನಿಸುತ್ತದೆ. ಅದಕ್ಕೆ ಮೊದಲು ಈ ಒಂದು ಚಿತ್ರ ಪೂರ್ತಿಯಾಗಿ ಪರದೆಯ ಮೇಲೆ ಬರಬೇಕು. ಬೇರೇನೂ ಬೇಡ.

ನೀನು ಏನನ್ನೂ ಬಿಸಾಡುವವಳಲ್ಲ. ಎಲ್ಲಿಟ್ಟಿದ್ದೀಯ, ಹೇಳು.

ರೋಸ್ತ್ಯಾ


ಲ್ಹೋಟ್ಕಾ, 20 ಜನವರಿ 1990

ರೋಸ್ತಿಸ್ಲಾವ್,

ಒಲೆ ಆರಿತ್ತು, ಹಾಗಾಗಿ ಓದಿದೆ.

ಸಮಿತಿಯವರು ತೆಗೆಸಿದ ತುಂಡುಗಳು ನನ್ನ ಹತ್ತಿರ ಇವೆ. ಸಹಕಾರಿ ಬೇಸಾಯ ಸಂಘದ ಸಭೆಯಲ್ಲಿ ಎಲ್ಲರೂ ಕೈ ಎತ್ತುವಾಗ ಅಧ್ಯಕ್ಷ ನಿದ್ದೆಹೋಗಿರುವುದು, ಬಾತುಕೋಳಿ ಧ್ವಜವನ್ನು ಕಚ್ಚಿಕೊಂಡು ಓಡುವುದು, ಅಂಥವು. ಒಟ್ಟು ನಾಲ್ಕು ನಿಮಿಷ. ಅಟ್ಟದ ಮೇಲೆ ಹೊದಿಕೆಗಳ ಪೆಟ್ಟಿಗೆಯ ತಳದಲ್ಲಿ ಇಪ್ಪತ್ತು ವರ್ಷದಿಂದ ಮಲಗಿವೆ. ಸಿಕ್ಕಿಬಿದ್ದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಇದನ್ನು ನಿನ್ನ ಸಂದರ್ಶನಗಳಲ್ಲಿ ಹೇಳಬೇಕಾಗಿಲ್ಲ.

ಯಾರನ್ನಾದರೂ ಕಳಿಸು. ನೀನು ಬರಬೇಡ. ನಾನು ಕೆಲಸ ಬಿಟ್ಟ ಮೇಲೆ ಊರಿಗೆ ಬಂದು ಅಪ್ಪನ ಜೊತೆ ಇದ್ದೇನೆ. ಅವರಿಗೆ ಎಂಬತ್ತಮೂರು. ಮೊಲಗಳಿಗೆ ಮೇವು ಹಾಕುತ್ತಾರೆ, ಕಿಟಕಿಯ ಬಳಿ ಕೂರುತ್ತಾರೆ. ಪಬ್ಬಿಗೆ ಹೋಗುವುದನ್ನು ನಿನ್ನ ಸಿನಿಮಾ ಆದ ವರ್ಷದಿಂದಲೇ ಬಿಟ್ಟರು. ಯಾಕೆಂದು ನಾನೂ ಕೇಳಿಲ್ಲ. ಅವರ ನೆಮ್ಮದಿ ಕೆಡಿಸಬೇಡ.

ದ್ರಾಹೊಮೀರಾ


ಪ್ರಾಗ್, 3 ಫೆಬ್ರವರಿ 1990

ದ್ರಾಹಾ,

ನಾಲ್ಕು ನಿಮಿಷ ಬಂದು ಸೇರಿತು. ಬಾತುಕೋಳಿಯನ್ನು ನೋಡಿ ಒಬ್ಬನೇ ಕೂತು ನಕ್ಕೆ.

ಆದರೆ ನಿನ್ನ 'ಒಟ್ಟು ನಾಲ್ಕು' ನನಗೆ ಸರಿಕಾಣಲಿಲ್ಲ. ಕಚೇರಿಗೆ ಹೋಗಿ ಸಮಿತಿಯ ಹಳೆಯ ಆದೇಶವನ್ನು ಹುಡುಕಿಸಿದೆ. ಈಗ ಎಲ್ಲ ಕಾಗದಗಳೂ ಸಿಗುತ್ತವೆ, ಗೊತ್ತಲ್ಲ. ಅದರಲ್ಲಿ ಕತ್ತರಿಸಬೇಕಾದ ದೃಶ್ಯಗಳ ಪಟ್ಟಿಯಿದೆ. ಒಟ್ಟು ನಾಲ್ಕು ನಿಮಿಷ! ಹಿಂದೆಯೇ ನಿನ್ನ ಕೈಬರಹದ ಚೀಟಿ: 'ಸಮಿತಿಯ ಆದೇಶದಂತೆ ಹನ್ನೊಂದು ನಿಮಿಷ ತೆಗೆಯಲಾಗಿದೆ.' ಉಳಿದ ಏಳನ್ನು ತೆಗೆಯಲು ನಿನಗೆ ಯಾರು ಹೇಳಿದರು?

ಆ ಏಳು ಯಾವುದೆಂದು ನನಗೆ ಗೊತ್ತು. ಪಬ್ಬಿನ ದೃಶ್ಯ, ನಿನ್ನಪ್ಪನದು. ನನ್ನ ಪದ್ಧತಿ ನಿನಗೆ ತಿಳಿದದ್ದೇ. ಊರಿನವರಿಗೆ ಚಿತ್ರಕಥೆ ಕೊಡುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸುತ್ತೇನೆ, ನಾಲ್ಕು ಲೋಟ ಸ್ಲಿವೋವಿತ್ಸೆ, ಆ ಪ್ಲಮ್ ಹಣ್ಣಿನ ಬ್ರಾಂದಿ, ಕುಡಿಸುತ್ತೇನೆ, "ಏನಾದ್ರೂ ಮಾತಾಡಿ" ಅನ್ನುತ್ತೇನೆ, ಕ್ಯಾಮೆರಾ ಓಡುತ್ತಿರುತ್ತದೆ. ನಿನ್ನಪ್ಪ ನನಗೆ ಸುಮ್ಮನೆ ಕಿಟಕಿಯಾಚೆ ನೋಡುವ ಮುದುಕನಾಗಿ ಬೇಕಾಗಿದ್ದರು. ಆದರೆ ಅವರು ಮಾತು ಶುರು ಮಾಡಿದರು. ನೆರೆಯವನು ಸುಣ್ಣದ ಗುಂಡಿಯ ಹಲಗೆಗಳ ಕೆಳಗೆ, ಸರ್ಕಾರಕ್ಕೆ ಒಪ್ಪಿಸಬೇಕಾದ ಧಾನ್ಯ ಬಚ್ಚಿಟ್ಟಿದ್ದನ್ನು ತಾನು ಹೇಗೆ ಅಧಿಕಾರಿಗಳಿಗೆ ಹೇಳಿಬಿಟ್ಟೆ ಅಂತ. ಏಳು ನಿಮಿಷ, ಒಂದೇ ಉಸಿರಿಗೆ. ಮಿಕೆಸ್ಕಾ ಅಂತ ಆ ನೆರೆಯವನಿಗೊಂದು ಹೆಸರನ್ನೂ ತಾವೇ ಕಟ್ಟಿದರು. ಚಿತ್ರದ ಹೆಸರನ್ನೇ ಬದಲಿಸಿ ಅದರಿಂದಲೇ ಇಟ್ಟೆ. ನನ್ನ ಜೀವಮಾನದಲ್ಲಿ ಅಂಥ ನಟನೆ ಕಂಡಿಲ್ಲ. ಆ ಏಳು ನಿಮಿಷ ಇಲ್ಲದಿದ್ದರೆ ಇಡೀ ಚಿತ್ರ ಬಾತುಕೋಳಿಯ ತಮಾಷೆ, ಅಷ್ಟೇ.

ಈ ಚಿತ್ರದ ನಟಿಯ ಜೊತೆ ನನಗಿದ್ದ ಸಲಿಗೆಗಾಗಿ ನನ್ನ ಮೇಲಿದ್ದ ಸಿಟ್ಟನ್ನು ನಿನ್ನಪ್ಪನ ದೃಶ್ಯದ ಮೇಲೆ ತೀರಿಸಿಕೊಂಡೆಯಾ? ಇಪ್ಪತ್ತು ವರ್ಷ ನಾನು ಸಮಿತಿಯನ್ನು ಶಪಿಸಿದೆನಲ್ಲೇ!

ರೋಸ್ತ್ಯಾ


ಲ್ಹೋಟ್ಕಾ, 14 ಫೆಬ್ರವರಿ 1990

ರೋಸ್ತ್ಯಾ,

ನಿನ್ನ ನಟಿಗೆ ನಾನು ಅಷ್ಟು ಬೆಲೆ ಕೊಟ್ಟಿರಲಿಲ್ಲ. ಅವಳ ಪಾತ್ರವನ್ನು ಸಂಕಲನದಲ್ಲಿ ಉದ್ಧಾರ ಮಾಡಿದವಳೇ ನಾನು.

ಕೇಳು. ಅಪ್ಪ ನಟಿಸುತ್ತಿರಲಿಲ್ಲ.

ಯಾನ್ ಮಿಕೆಸ್ಕಾ ನಮ್ಮ ಪಕ್ಕದ ಮನೆಯವರು. 1951ರಲ್ಲಿ ಅವರ ಸುಣ್ಣದ ಗುಂಡಿಯಲ್ಲಿ ಆರು ಮೂಟೆ ಗೋಧಿ ಸಿಕ್ಕಿತು. ಎಂಟು ವರ್ಷದ ಶಿಕ್ಷೆ ಹಾಕಿ ಯುರೇನಿಯಂ ಗಣಿಗೆ ಕಳಿಸಿದರು. ಮೂರನೆಯ ವರ್ಷ ಅಲ್ಲೇ ಸತ್ತರು. ಹೆಂಡತಿ ಮಕ್ಕಳನ್ನು ಲಾರಿಯಲ್ಲಿ ತುಂಬಿ ಗಡಿಯ ಕಡೆಗೆ, ಖೊಮುತೋವ್‌ಗೆ ಸಾಗಿಸಿದರು. ನನಗಾಗ ಹದಿನಾಲ್ಕು. ಯಾರು ಹೇಳಿಕೊಟ್ಟರೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತಾದದ್ದು ಸಂಕಲನದ ಮೇಜಿನ ಮುಂದೆ. ನೀನು ಪಕ್ಕದಲ್ಲಿ ನಿಂತು "ನೋಡು ನೋಡು, ಮುದುಕ ಹುಟ್ಟಾ ನಟ ಕಣೇ!" ಅಂತ ನನ್ನ ಭುಜ ಅಲ್ಲಾಡಿಸುತ್ತಿದ್ದೆ.

ಆ ರೀಲನ್ನು ನಾನು ಒಬ್ಬಳೇ ಎಷ್ಟು ಸಲ ನೋಡಿದೆನೋ. ಅದೇ ನಿನ್ನ ಅತ್ಯುತ್ತಮ ಏಳು ನಿಮಿಷ ಅನ್ನುವುದು ನಿನಗಿಂತ ಮೊದಲು ನನಗೆ ತಿಳಿಯಿತು. ತಿಳಿದೇ ಕತ್ತರಿಸಿದೆ. ನಿನಗೆ ಹೇಳಿದ್ದರೆ ಮರುದಿನವೇ ಪ್ರಾಗ್‌ನ ಎಲ್ಲ ಕೆಫೆಗಳಿಗೂ ಸುದ್ದಿ ಮುಟ್ಟುತ್ತಿತ್ತು. ಹಾಗಾಗಿ ಸಮಿತಿಯ ತಲೆಗೆ ಕಟ್ಟಿದೆ. ನೀನು "ಅವರ ಕತ್ತರಿ ನೀನು" ಅಂತ ಕೂಗಿ ಬಾಗಿಲು ಬಡಿದು ಹೋದೆ. ನಾನು ಬಾಯಿ ಬಿಡಲಿಲ್ಲ. ಮದುವೆ ಹೋಯಿತು, ಅಪ್ಪ ಉಳಿದರು ಅಂದುಕೊಂಡೆ.

ಆ ಏಳು ನಿಮಿಷವನ್ನು ಹುಡುಕಬೇಡ. ಇಲ್ಲಿ ಹಂದಿ ಕೊಯ್ದಾಗ ನೀರು ಕಾಯಿಸುವ ಒಲೆಗೆ ಹಾಕಿದೆ. ಫಿಲ್ಮು ಸರಿಯಾಗಿ ಉರಿಯುವುದೂ ಇಲ್ಲ, ಮುದುಡಿಕೊಂಡು ನಾರುತ್ತದೆ. ನೆಗೆಟಿವ್, ಪ್ರಿಂಟ್, ಧ್ವನಿ, ಎಲ್ಲವೂ ಹೋಯಿತು.

ದ್ರಾಹಾ


ಪ್ರಾಗ್, 20 ಫೆಬ್ರವರಿ 1990

ದ್ರಾಹಾ,

ಎರಡು ದಿನ ಊಟ ಸೇರಲಿಲ್ಲ. ಸುಟ್ಟೆಯಾ! ನನ್ನ ಅತ್ಯುತ್ತಮ ಕೆಲಸವೆಂದು ಗೊತ್ತಿದ್ದೂ ಸುಟ್ಟೆಯಾ! ನಿನ್ನನ್ನು ಬೈಯಲು ಕೂತರೆ ಕಾಗದ ಸಾಲದು, ಬಿಡು.

ಆದರೆ ಯೋಚಿಸು. ನಿಜವಂತೆ! ಅದೆಲ್ಲ ನಿಜವಂತೆ! ಹಾಗಿದ್ದರೆ ಅದು ನಾನು ಅಂದುಕೊಂಡಿದ್ದಕ್ಕಿಂತ ಹತ್ತು ಪಟ್ಟು ದೊಡ್ಡದು. ಮುದುಕರು ಬದುಕಿದ್ದಾರೆ. ಪಬ್ಬು ಇದೆ, ಅದೇ ಮೇಜು ಇದೆ ಅಂತ ವಿಚಾರಿಸಿಕೊಂಡಿದ್ದೇನೆ. ಇಪ್ಪತ್ತು ವರ್ಷ ಮುಪ್ಪಾದ ಆ ಮುಖವನ್ನು ಚಿತ್ರದ ಕೊನೆಯಲ್ಲಿಟ್ಟರೆ ಸಾಕು, ಯಾರು ಏನು ಕೇಳುತ್ತಾರೆ? ಈಸ್ಟರ್‌ಗೆ ಮುಂಚೆ ಬರುತ್ತೇನೆ. ಕ್ಯಾಮೆರಾದವನೊಬ್ಬ, ಧ್ವನಿಯವನೊಬ್ಬ, ಅಷ್ಟೇ ಜನ. ನೀನು ಅವರ ಹತ್ತಿರ ಮೊದಲೇ ಒಂದು ಮಾತು ಹಾಕಿಡು.

ಆವತ್ತಿನ ಕಪ್ಪು ಟೋಪಿ ಈಗಲೂ ಇದೆಯಾ?

ರೋಸ್ತ್ಯಾ


ಲ್ಹೋಟ್ಕಾ, 11 ಮಾರ್ಚ್ 1990

ನಿರ್ದೇಶಕರಿಗೆ,

ನಿಮ್ಮ ಕಾಗದವನ್ನು ದ್ರಾಹಾ ಬ್ರೆಡ್ ಡಬ್ಬಿಯ ಕೆಳಗೆ ಬಚ್ಚಿಟ್ಟಿದ್ದಳು. ಓದಿದೆ. ಆಮೇಲೆ ಅವಳನ್ನು ಕೂರಿಸಿ ಕೇಳಿದೆ, ಎಲ್ಲವನ್ನೂ ಹೇಳಿದಳು. ತುಂಬ ಅತ್ತಳು. ನಾನು ಸಮಾಧಾನ ಮಾಡಲಿಲ್ಲ.

ನೀವು ನನಗೆ ಕುಡಿಸಿದಿರಿ ಅಂತ ತಿಳಿದುಕೊಂಡಿದ್ದೀರಿ. ಎರಡನೆಯ ಲೋಟದಿಂದ ನಾನು ಎಲ್ಲವನ್ನೂ ಮೇಜಿನ ಕೆಳಗೆ ಚೆಲ್ಲುತ್ತಿದ್ದೆ. ನನಗೆ ಮತ್ತೇರಿರಲಿಲ್ಲ. ಹೇಳಬೇಕೆಂದೇ ಹೇಳಿದೆ. ಮಿಕೆಸ್ಕಾನ ಹೆಂಡತಿ ಆಗ ಖೊಮುತೋವ್‌ನಲ್ಲಿ ಬದುಕಿದ್ದಳು. ಅವಳ ಮುಂದೆ ಹೋಗಿ ನಿಲ್ಲುವ ಮುಖ ನನಗಿರಲಿಲ್ಲ. ಸಿನಿಮಾ ಎಲ್ಲ ಊರಿಗೂ ಹೋಗುತ್ತದಲ್ಲ, ಅಲ್ಲಿಗೂ ಹೋಗುತ್ತದೆ, ಕತ್ತಲಲ್ಲಿ ಕೂತು ಅವಳು ಕೇಳಿಸಿಕೊಳ್ಳುತ್ತಾಳೆ ಅಂದುಕೊಂಡೆ.

ಪ್ರಾಗ್‌ನಲ್ಲಿ ದೊಡ್ಡವರು ನೋಡಿದ್ದಾರೆ, ಇನ್ನೇನು ಊರಿಗೂ ಬರುತ್ತದೆ ಅಂತ ಕಾದೆ. ಪಬ್ಬಿನಲ್ಲಿ ಯಾರ ಕಣ್ಣನ್ನೂ ನೋಡಲಾಗದೆ ಹೋಗುವುದನ್ನೇ ಬಿಟ್ಟೆ. ಅದು ಬರಲೇ ಇಲ್ಲ. ಆ ಹೆಂಗಸು ಆರು ವರ್ಷದ ಹಿಂದೆ ಸತ್ತಳಂತೆ. ಮಗಳು ಇದ್ದಾಳೆ.

ಬನ್ನಿ. ಟೋಪಿ ಇದೆ. ಆದರೆ ಸಿನಿಮಾ ಖೊಮುತೋವ್‌ಗೆ ಹೋಗಬೇಕು. ಅದೊಂದು ಮಾತು ಕೊಡಿ.

ವಿನ್ಸೆನ್ಸ್ ಯುರೋಶ್


ಲ್ಹೋಟ್ಕಾ, 17 ಏಪ್ರಿಲ್ 1990

ರೋಸ್ತ್ಯಾ,

ಈಸ್ಟರ್ ಮುಗಿಯಲಿ ಅಂತ ತಡೆದುಕೊಂಡೆ. ಇನ್ನು ಆಗುವುದಿಲ್ಲ.

ನೀನು ಚಿತ್ರೀಕರಣಕ್ಕೆ ಬಂದ ದಿನ, ಮೊದಲ ಸಲ ಅಪ್ಪ ಹೇಳಿ ಮುಗಿಸಿದಾಗ ಪಬ್ಬಿನ ಒಡತಿ ಬಾಗಿಲಲ್ಲೇ ನಿಂತು ಅಳುತ್ತಿದ್ದಳು. ನಿನ್ನ ಧ್ವನಿಯವನು ತಲೆ ತಗ್ಗಿಸಿದ್ದ. ಮೂವತ್ತೊಂಬತ್ತು ವರ್ಷ ಹೊತ್ತದ್ದನ್ನು ಇಳಿಸಿ ಅಪ್ಪ ನಿನ್ನ ಮುಖ ನೋಡಿದರು. ನೀನು ಆಗ ಏನಂದೆ, ನೆನಪಿದೆಯಾ? "ಮಾವ, ಬಹಳ ಚೆನ್ನಾಗಿ ಬಂತು. ಆದ್ರೆ ಕಿಟಕಿ ಬೆಳಕು ಕೈಕೊಡ್ತು. ಇನ್ನೊಂದ್ಸಲ ಹೇಳ್ಬಿಡಿ. 'ಸುಣ್ಣದ ಗುಂಡಿ' ಅನ್ನೋಕೆ ಮುಂಚೆ ಒಂಚೂರು ನಿಲ್ಲಿ."

ಅವರು ಮತ್ತೆ ಹೇಳಿದರು. ಟ್ರ್ಯಾಕ್ಟರ್ ಸದ್ದು ಬಂತು ಅಂತ ಮೂರನೆಯ ಸಲ. "ಹೆಸರು ಹೇಳೋವಾಗ ಟೋಪಿ ತೆಗೀರಿ" ಅಂತ ನಾಲ್ಕನೆಯ ಸಲ. ನಾಲ್ಕರಲ್ಲಿ ಅಪ್ಪ ನಿಲ್ಲಬೇಕಾದಲ್ಲಿ ನಿಂತರು, ಟೋಪಿ ತೆಗೆದರು, ಗಂಟಲು ಕೂಡ ಸರಿಯಾದ ಜಾಗದಲ್ಲಿ ನಡುಗಿತು. ನೀನು ಚಪ್ಪಾಳೆ ತಟ್ಟಿದೆ.

ಮನೆಗೆ ನಡೆದು ಬರುವಾಗ ಅವರು ನನ್ನನ್ನು ಕೇಳಿದರು, "ಮೂರನೇದ್ರಲ್ಲಿ ನಾನು ಸ್ವಲ್ಪ ಅವಸರ ಮಾಡ್ಬಿಟ್ಟೆ ಅಲ್ವೇನಮ್ಮ?" ಆ ಮಾತು ಕೇಳಿದಾಗ ನನಗೆ ನಿನ್ನ ಮೇಲೆ ಬಂದ ಅಸಹ್ಯವನ್ನು ಹೇಗೆ ಬರೆಯಲಿ? ನನ್ನ ಮೇಲೂ ಅಷ್ಟೇ ಬಂತು. ಇಪ್ಪತ್ತು ವರ್ಷದ ಹಿಂದೆ ಒಂದೇ ಸಲಕ್ಕೆ ಹೇಳಿ ಮುಗಿಸಿದ್ದನ್ನು ಒಲೆಗೆ ಹಾಕಿದವಳು ನಾನೇ ಅಲ್ಲವೇ.

ಸಂಕಲನಕಾರ್ತಿಯಾಗಿ ಕೊನೆಯ ಸಲ ಹೇಳುತ್ತೇನೆ. ಬೆಳಕು ಹಾಳಾಗಿದ್ದರೂ ಪರವಾಗಿಲ್ಲ, ಮೊದಲನೆಯದನ್ನೇ ಹಾಕು.

ದ್ರಾಹಾ


ಕಾರ್ಲೊವಿ ವಾರಿ, 16 ಜುಲೈ 1990

ದ್ರಾಹಾ,

ತೋರಿಸಿದರು. ಅರ್ಧ ಸಭಾಂಗಣ ಖಾಲಿ. ಪಕ್ಕದಲ್ಲಿ ಅಮೆರಿಕದ ಸಿನಿಮಾ ಹಾಕಿದ್ದರು, ಜನ ಅಲ್ಲಿ ಮೆಟ್ಟಿಲ ಮೇಲೂ ಕೂತಿದ್ದರಂತೆ. ಇಪ್ಪತ್ತು ವರ್ಷದ ಹಿಂದಿನ ನಮ್ಮ ಸಹಕಾರಿ ಸಂಘದ ಗೋಳು ಈಗ ಯಾರಿಗೆ ಬೇಕು? ಒಬ್ಬ ಹುಡುಗಿ ನಡುವೆಯೇ ಎದ್ದು ಐಸ್‌ಕ್ರೀಂ ತರಲು ಹೋದಳು.

ಆದರೆ ಆ ಏಳು ನಿಮಿಷ! ಐಸ್‌ಕ್ರೀಂ ಹುಡುಗಿ ಕೂಡ ನೆಕ್ಕುವುದನ್ನು ನಿಲ್ಲಿಸಿದಳು. ತೀರ್ಪುಗಾರರು ವಿಶೇಷ ಪ್ರಶಸ್ತಿ ಕೊಟ್ಟರು. ಆ ಒಂದು ದೃಶ್ಯಕ್ಕಾಗಿ ಒಬ್ಬ ನಿರ್ದೇಶಕ ಬದುಕಿದ್ದು ಸಾರ್ಥಕ ಅಂತ ಪತ್ರಿಕೆಯಲ್ಲಿ ಬರೆದಿದ್ದಾರೆ. ಯಾರೂ ಕಪ್ಪೆಯ ಸುದ್ದಿ ಎತ್ತಲಿಲ್ಲ. ನಾಲ್ಕನೆಯದನ್ನೇ ಹಾಕಿದೆ. ಮೊದಲನೆಯದರಲ್ಲಿ ನಿನ್ನಪ್ಪನ ಮುಖವೇ ಕಾಣುವುದಿಲ್ಲ.

ಆ ಮಾತುಗಳು ಯಾರವು ಅಂತ ಪತ್ರಕರ್ತರು ಕೇಳಿದರು. ನನ್ನವು ಅಂದೆ. ಮತ್ತೇನು ಹೇಳಲಿ? ಮುದುಕರ ಮನೆ ಬಾಗಿಲಿಗೆ ಪತ್ರಿಕೆಯವರು ಬಂದು ನಿಲ್ಲಲಿ ಅನ್ನುತ್ತೀಯಾ? ಅವರನ್ನು ಉಳಿಸಲು ನೀನು ಕತ್ತರಿ ಹಾಕಿದೆ, ನಾನು ಸುಳ್ಳು ಹೇಳಿದೆ. ನಿನಗಾದರೂ ಇದು ಅರ್ಥವಾಗಬೇಕು.

ಅಕ್ಟೋಬರಿನಲ್ಲಿ ಟಿ.ವಿ.ಯಲ್ಲಿ ಬರುತ್ತದೆ. ಖೊಮುತೋವ್ ಏನು, ಇಡೀ ದೇಶ ನೋಡುತ್ತದೆ ಅಂತ ಮಾವನಿಗೆ ಹೇಳು. ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ.

ರೋಸ್ತ್ಯಾ


ಖೊಮುತೋವ್, 24 ಅಕ್ಟೋಬರ್ 1990

ಪ್ರೀತಿಯ ಯುರೋಶ್ ಮಾಮ,

ನಾನು ವ್ಲಾಸ್ತಾ, ಮಿಕೆಸ್ಕಾರ ಕಿರಿಯ ಮಗಳು. ನೆನಪಿದ್ದೇನೆಯೇ? ಊರು ಬಿಡುವಾಗ ಒಂಬತ್ತು ವರ್ಷ, ಈಗ ಇಬ್ಬರು ಮೊಮ್ಮಕ್ಕಳು.

ಶನಿವಾರ ಟಿ.ವಿ.ಯಲ್ಲಿ ನಿಮ್ಮನ್ನು ನೋಡಿದ ಕೂಡಲೇ ಗುರುತು ಹಿಡಿದೆ! ಗಂಡನನ್ನು ಕೂಗಿ ಕರೆದೆ, "ಬನ್ನಿ ಬನ್ನಿ, ನಮ್ಮ ಯುರೋಶ್ ಮಾಮ ಪಿಕ್ಚರಲ್ಲಿ ಬಂದಿದಾರೆ!" ಸಿನಿಮಾಕ್ಕೆ ಮೊದಲು ನಿರ್ದೇಶಕರು ಬಂದು, ಆ ಮಾತುಗಳನ್ನೆಲ್ಲ ತಾವೇ ಬರೆದುಕೊಟ್ಟದ್ದು, ಹೇಳಿದವರು ಊರಿನ ಸಾಮಾನ್ಯ ರೈತರು ಅಂದರು. ಈ ವಯಸ್ಸಿನಲ್ಲಿ ಎಷ್ಟು ಚೆನ್ನಾಗಿ ನಟಿಸಿದ್ದೀರಿ ಮಾಮ! ಟೋಪಿ ತೆಗೆದಾಗ ನನಗೆ ತಡೆಯಲಾಗಲಿಲ್ಲ.

ಅಪ್ಪನ ಹೆಸರನ್ನೇ ಇಡಿಸಿದ್ದೀರಿ. ಅದು ನಿಮ್ಮಿಂದಲೇ ಆಗಿರಬೇಕು. ದೇಶವೆಲ್ಲ ಆ ಹೆಸರನ್ನು ಕೇಳಿತು. ಯಾರು ಹೇಳಿಕೊಟ್ಟರೆಂದು ನಮಗೆ ಕೊನೆಗೂ ತಿಳಿಯಲಿಲ್ಲ. ಅಮ್ಮನಿಗೆ ಹಿಟ್ಟಿನ ಗಿರಣಿಯವನ ಮೇಲೆ ಸಂಶಯ. ಸಾಯುವವರೆಗೂ ಅವನನ್ನು ಶಪಿಸಿದಳು. ನಿಮ್ಮ ವಿಷಯ ಬಂದಾಗ ಮಾತ್ರ ಅವಳ ಮುಖ ಅರಳುತ್ತಿತ್ತು. ನಮ್ಮನ್ನು ಲಾರಿ ಹತ್ತಿಸಿದ ಬೆಳಿಗ್ಗೆ ಊರೆಲ್ಲ ಪರದೆ ಎಳೆದುಕೊಂಡಿದ್ದಾಗ ನೀವೊಬ್ಬರೇ ಗೇಟಿಗೆ ಬಂದು ಬಿಸಿ ಬ್ರೆಡ್ಡು ಕೊಟ್ಟಿರಿ. "ಯುರೋಶ್ ಒಬ್ನೇ ಮನುಷ್ಯ" ಅನ್ನುತ್ತಿದ್ದಳು.

ದೇವರು ನಿಮಗೆ ಆಯಸ್ಸು ಕೊಡಲಿ.

ನಿಮ್ಮ ವ್ಲಾಸ್ತಾ


ಲ್ಹೋಟ್ಕಾ, 30 ಅಕ್ಟೋಬರ್ 1990

ರೋಸ್ತ್ಯಾ,

ಖೊಮುತೋವ್‌ನಿಂದ ಬಂದ ಕಾಗದವನ್ನು ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಪ್ರಶಸ್ತಿಯ ಪಕ್ಕದಲ್ಲಿ ಚೌಕಟ್ಟು ಹಾಕಿಸಿಟ್ಟುಕೋ.

ಅಪ್ಪ ನನ್ನ ಕೈಲಿ ಅದನ್ನು ಮೂರು ಸಲ ಓದಿಸಿದರು. ಬ್ರೆಡ್ಡಿನ ಸಾಲು ಬಂದಾಗ ಕೈ ಅಡ್ಡ ಹಿಡಿದರು. ನಿನ್ನೆಯಿಂದ ಮೊಲಗಳ ಕಡೆಗೂ ಹೋಗಿಲ್ಲ. ಇವತ್ತು ಪೆನ್ಸಿಲ್, ಕಾಗದ ಕೇಳಿದರು. ಕೊಟ್ಟಿದ್ದೇನೆ. ಏನು ಬರೆಯುತ್ತಾರೋ ನಾನು ನೋಡುವುದಿಲ್ಲ. ಅಂಟಿಸಿ ಕೊಟ್ಟದ್ದನ್ನು ಹಾಗೆಯೇ ಅಂಚೆ ಡಬ್ಬಿಗೆ ಹಾಕುತ್ತೇನೆ.

ಇನ್ನು ಮುಂದೆ ನನಗೆ ಬರೆಯಬೇಡ.

ದ್ರಾಹೊಮೀರಾ


ಲ್ಹೋಟ್ಕಾ, 2 ನವೆಂಬರ್ 1990

ವ್ಲಾಸ್ತಾ,

ಇವತ್ತು ಸತ್ತವರ ದಿನ. ದ್ರಾಹಾ ಅವಳಮ್ಮನ ಗೋರಿಗೆ ದೀಪ ಇಡಲು ಹೋಗಿದ್ದಾಳೆ. ಬರೆಯಲು ಕೂತು ಮೂರು ದಿನವಾಯಿತು. ಅಕ್ಷರ ನಡುಗಿದೆ, ನಿಧಾನವಾಗಿ ಓದು.

ನಾನು ನಟಿಸಲಿಲ್ಲ. ನಿಮ್ಮಪ್ಪನ ಹೆಸರು ಹೇಳಿದ್ದು ನಾನೇ. 1951ರ ಅಕ್ಟೋಬರಿನಲ್ಲಿ, ಪಂಚಾಯಿತಿ ಕಚೇರಿಯಲ್ಲಿ. ಗಿರಣಿಯವನದೇನೂ ತಪ್ಪಿಲ್ಲ. ನಿಮ್ಮಮ್ಮ ಅವನಿಗೆ ಹಾಕಿದ ಶಾಪವೆಲ್ಲ ನನಗೆ ಸೇರಬೇಕಾದದ್ದು. ನಿರ್ದೇಶಕರನ್ನೂ ಬೈಯಬೇಡ. ಅವರು ಚೆನ್ನಾಗಿ ಹೇಳಿ ಅಂದರು, ನಾನು ತೀರಾ ಚೆನ್ನಾಗಿ ಹೇಳಿಬಿಟ್ಟೆ.

ಕ್ಯಾಮೆರಾದ ಮುಂದೆ ಐದು ಸಲ ಕೂತರೂ ಹೇಳದ ಮಾತು ಒಂದಿದೆ. ದ್ರಾಹಾಗೂ ಗೊತ್ತಿಲ್ಲ. ಆ ಗುಂಡಿಯಲ್ಲಿದ್ದ ಆರು ಮೂಟೆಗಳಲ್ಲಿ ಎರಡು ನನ್ನವು. ಇಬ್ಬರೂ ಸೇರಿಯೇ ಬಚ್ಚಿಟ್ಟಿದ್ದೆವು. ನಾನು ಅವನ ಹೆಸರು ಹೇಳಿ ತಪ್ಪಿಸಿಕೊಂಡೆ.

ವಿಚಾರಣೆಯ ದಿನ ನ್ಯಾಯಾಧೀಶರು ನಿಮ್ಮಪ್ಪನನ್ನು ಎರಡು ಸಲ ಕೇಳಿದರು, ಎಲ್ಲವೂ ನಿನ್ನವೇನಾ ಅಂತ. ನಾನು ಊರವರ ನಡುವೆ ಬೆಂಚಿನ ಮೇಲೆ ಕೂತಿದ್ದೆ. ಅವನು ನನ್ನ ಕಡೆ ತಿರುಗಿ ನೋಡಿದ, ಆಮೇಲೆ ಆರೂ ತನ್ನವೇ ಅಂದ.

ವಿನ್ಸೆನ್ಸ್ ಯುರೋಶ್